ರೋಣ, ನರಗುಂದ, ಗಜೇಂದ್ರಗಡದಿಂದ ಡೆನ್ಮಾರ್ಕಿಗೆ: ಪೋಸ್ಟ್‌ಡಾಕ್ ಹುದ್ದೆಯ ಅರ್ಜಿ

ಪಿಎಚ್‌ಡಿ ಮುಗಿಸಿದವರು ಕಾಯಂ ಅಧ್ಯಾಪಕ ಹುದ್ದೆ ಹಿಡಿಯುವ ಮುನ್ನ, ಹಿರಿಯ ಸಂಶೋಧಕರೊಬ್ಬರ ತಂಡ ಸೇರಿ ನಿಗದಿತ ಅವಧಿಗೆ ಮಾಡುವ ಸಂಶೋಧನೆಯ ಕೆಲಸಕ್ಕೆ ಪೋಸ್ಟ್‌ಡಾಕ್ ಎನ್ನುತ್ತಾರೆ. ಭಾರತದಲ್ಲಿ ಇದು ಹೆಚ್ಚಾಗಿ ಫೆಲೋಶಿಪ್. ಡೆನ್ಮಾರ್ಕಿನಲ್ಲಿ ಇದು ಸಂಬಳ, ರಜೆ, ಪಿಂಚಣಿ ಎಲ್ಲ ಇರುವ ನೌಕರಿ. ಅಲ್ಲಿನ ವಿಶ್ವವಿದ್ಯಾಲಯಗಳ ಹುದ್ದೆಗಳ ಶ್ರೇಣಿಯನ್ನು ಸರ್ಕಾರವೇ ಆದೇಶದ ಮೂಲಕ ಗೊತ್ತುಮಾಡಿದೆ. ಅದರಲ್ಲಿ ಪೋಸ್ಟ್‌ಡಾಕ್ ಸಹಾಯಕ ಪ್ರಾಧ್ಯಾಪಕರ ಹಂತದಲ್ಲೇ ನಿಲ್ಲುತ್ತದೆ. ಪಿಎಚ್‌ಡಿ ಮಟ್ಟದ ಅರ್ಹತೆ ಬೇಕು. ಒಂದೇ ವಿಶ್ವವಿದ್ಯಾಲಯದಲ್ಲಿ ಒಟ್ಟು 4 ವರ್ಷಕ್ಕಿಂತ ಹೆಚ್ಚು ಕಾಲ ಈ ಹುದ್ದೆಯಲ್ಲಿ ಇರುವಂತಿಲ್ಲ.

ಅರ್ಜಿ ಹಾಕುವವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ, ಇದು ನೌಕರಿ ಎಂಬುದೇ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅಭ್ಯರ್ಥಿ ತನ್ನ ಅಗತ್ಯವನ್ನು ಹೇಳಿಕೊಳ್ಳುತ್ತಾನೆ, ನೌಕರಿಯ ಅರ್ಜಿಯಲ್ಲಿ ಆ ಕೆಲಸವನ್ನು ತಾನು ಹೇಗೆ ಮಾಡಬಲ್ಲೆ ಎಂದು ತೋರಿಸಬೇಕು. ಕರ್ನಾಟಕದಿಂದ ಹೋಗುವ ಅನೇಕ ಅರ್ಜಿಗಳು ಹಿಂದೆ ಬೀಳುವುದು ಪ್ರತಿಭೆಯ ಕೊರತೆಯಿಂದಲ್ಲ, ಮೊದಲನೆಯ ಧಾಟಿಯಲ್ಲಿ ಬರೆದು ಎರಡನೆಯದಕ್ಕೆ ಕಳುಹಿಸುವುದರಿಂದ.

ಮೂರು ತಾಲೂಕುಗಳು

ರೋಣ, ನರಗುಂದ, ಗಜೇಂದ್ರಗಡ ಮೂರೂ ಗದಗ ಜಿಲ್ಲೆಯ ತಾಲೂಕು ಕೇಂದ್ರಗಳು. 1997ರವರೆಗೆ ಈ ಪ್ರದೇಶ ಧಾರವಾಡ ಜಿಲ್ಲೆಯಲ್ಲಿತ್ತು. ಗಜೇಂದ್ರಗಡ ರೋಣದಿಂದ ಬೇರೆಯಾಗಿ ತಾಲೂಕಾದದ್ದು ಈಚೆಗೆ. ಹೆಚ್ಚಿನ ಭಾಗ ಎರೆ ಭೂಮಿ, ಹಿಂಗಾರಿ ಜೋಳ, ಕಡಲೆ, ಕುಸುಬೆಯ ಸೀಮೆ. ನರಗುಂದದ ಕಡೆ ಮಲಪ್ರಭಾ ಕಾಲುವೆಯ ನೀರಿದೆ, ಗಜೇಂದ್ರಗಡದ ಸುತ್ತ ಗುಡ್ಡಗಳಿವೆ, ನೇಕಾರಿಕೆಯ ಹಳೆಯ ಪರಂಪರೆಯಿದೆ.

ಇಲ್ಲಿನ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ. 1949ರಲ್ಲಿ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂದ ಈ ವಿಶ್ವವಿದ್ಯಾಲಯವೇ ಈ ಭಾಗದ ಬಹುತೇಕ ಸಂಶೋಧಕರ ಮೊದಲ ಮೆಟ್ಟಿಲು. ಕೃಷಿ ಓದಿದವರು 1986ರಲ್ಲಿ ಪ್ರತ್ಯೇಕವಾದ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ, ಎಂಜಿನಿಯರಿಂಗ್ ಓದಿದವರು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿಗೆ. 2016ರಿಂದ ಧಾರವಾಡದಲ್ಲಿ ಐಐಟಿ ಇದೆ, ಅದೇ ವರ್ಷ ಶುರುವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಗದಗಿನಲ್ಲೇ ಇದೆ. ಪಿಎಚ್‌ಡಿ ಕೈಗೆ ಬಂದ ಮೇಲೆ ಇವರಲ್ಲಿ ಅನೇಕರು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತ ನೇಮಕಾತಿ ಅಧಿಸೂಚನೆಗಾಗಿ ಕಾಯುತ್ತಾರೆ. ಹೊರದೇಶದ ಪೋಸ್ಟ್‌ಡಾಕ್ ಎಂದರೆ ಐಐಎಸ್‌ಸಿ, ಐಐಟಿಯವರಿಗೆ ಮಾತ್ರ ಎಂಬ ನಂಬಿಕೆ ಇವರಲ್ಲಿ ಬಲವಾಗಿದೆ. ಡೆನ್ಮಾರ್ಕಿನ ನೇಮಕಾತಿ ಪದ್ಧತಿಯನ್ನು ಹತ್ತಿರದಿಂದ ನೋಡಿದರೆ ಆ ನಂಬಿಕೆಗೆ ಆಧಾರ ಕಡಿಮೆ. ಹುದ್ದೆಗಳಲ್ಲಿ ಬಹುಪಾಲು ಬಹಿರಂಗವಾಗಿ ಪ್ರಕಟವಾಗುತ್ತವೆ. ಅರ್ಜಿ ಶುಲ್ಕ ಇಲ್ಲ, ವಯೋಮಿತಿ ಇಲ್ಲ, ಗೆಜೆಟೆಡ್ ಅಧಿಕಾರಿಯ ಸಹಿ ಬೇಡ. ಯಾರ ಪರಿಚಯವೂ ಇಲ್ಲದವರ ಅರ್ಜಿಯೂ ಅದೇ ಪೋರ್ಟಲ್ ಮೂಲಕ ಅದೇ ಮೇಜಿಗೆ ತಲುಪುತ್ತದೆ.

ಎಂಟು ವಿಶ್ವವಿದ್ಯಾಲಯಗಳು

ಡೆನ್ಮಾರ್ಕಿನಲ್ಲಿ ವಿಶ್ವವಿದ್ಯಾಲಯಗಳು ಎಂಟೇ. ಕೋಪನ್‌ಹೇಗನ್ ವಿಶ್ವವಿದ್ಯಾಲಯ 1479ರದು. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯವನ್ನು 1829ರಲ್ಲಿ ಸ್ಥಾಪಿಸಿದವರು ವಿದ್ಯುತ್ತಿಗೂ ಕಾಂತತೆಗೂ ಇರುವ ನಂಟನ್ನು ಕಂಡುಹಿಡಿದ ಅರ್‌ಸ್ಟೆಡ್. ಇದರ ಚುಟುಕು ಹೆಸರು ಡಿಟಿಯು. ಆರ್ಹುಸ್ ವಿಶ್ವವಿದ್ಯಾಲಯ 1928ರಲ್ಲಿ, ರಾಸ್ಕಿಲ್ಡೆ 1972ರಲ್ಲಿ, ಆಲ್ಬೋರ್ಗ್ 1974ರಲ್ಲಿ ಹುಟ್ಟಿದವು. ಓಡೆನ್ಸೆ ಕೇಂದ್ರವಾಗಿರುವ ದಕ್ಷಿಣ ಡೆನ್ಮಾರ್ಕ್ ವಿಶ್ವವಿದ್ಯಾಲಯ, ಕೋಪನ್‌ಹೇಗನ್ ಬಿಸಿನೆಸ್ ಸ್ಕೂಲ್, 1999ರ ಐಟಿ ವಿಶ್ವವಿದ್ಯಾಲಯ ಉಳಿದ ಮೂರು. 2007ರಲ್ಲಿ ದೊಡ್ಡ ವಿಲೀನ ನಡೆದು, ಬೇರೆಬೇರೆಯಾಗಿದ್ದ ಸರ್ಕಾರಿ ಸಂಶೋಧನಾ ಸಂಸ್ಥೆಗಳು ಇವುಗಳೊಳಗೆ ಸೇರಿಕೊಂಡವು. ಪಶುವೈದ್ಯ ಮತ್ತು ಕೃಷಿಯ ರಾಯಲ್ ವಿಶ್ವವಿದ್ಯಾಲಯ ಕೋಪನ್‌ಹೇಗನ್‌ಗೆ, ಕೃಷಿ ವಿಜ್ಞಾನಗಳ ಸಂಸ್ಥೆ ಆರ್ಹುಸ್‌ಗೆ, ರಿಸೊ ಪ್ರಯೋಗಾಲಯ ಡಿಟಿಯುಗೆ ಹೋಯಿತು. ಹಾಗಾಗಿ ಕೃಷಿ ಸಂಶೋಧನೆಯ ಹುದ್ದೆ ಹುಡುಕುವವರು ಕೃಷಿ ವಿಶ್ವವಿದ್ಯಾಲಯ ಎಂಬ ಹೆಸರನ್ನು ಹುಡುಕಿ ಫಲವಿಲ್ಲ. ಆರ್ಹುಸ್‌ನ ಕೃಷಿ ಪರಿಸರ ವಿಭಾಗವನ್ನೋ ಕೋಪನ್‌ಹೇಗನ್ನಿನ ಸಸ್ಯ ಮತ್ತು ಪರಿಸರ ವಿಜ್ಞಾನ ವಿಭಾಗವನ್ನೋ ನೋಡಬೇಕು.

ಈ ನೆಲದ ವಿಷಯ, ಅಲ್ಲಿನ ಪ್ರಯೋಗಾಲಯ

ಅರ್ಜಿದಾರರಲ್ಲಿ ಕಾಣುವ ಒಂದು ಹಿಂಜರಿಕೆ ಎಂದರೆ, ತಮ್ಮ ಪಿಎಚ್‌ಡಿ ಸ್ಥಳೀಯ ವಿಷಯದ್ದು, ಯೂರೋಪಿಗೆ ಅದರಿಂದ ಏನಾಗಬೇಕಿದೆ ಎಂಬುದು. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ರೋಣ ಸೀಮೆಯ ಬದುಕಿಗೂ ಡ್ಯಾನಿಷ್ ವಿಜ್ಞಾನಕ್ಕೂ ನಡುವೆ ಗಟ್ಟಿ ಎಳೆಗಳಿವೆ. ಅವನ್ನು ಅರಿತವರ ಪತ್ರಕ್ಕೆ ಬೇರೆಯೇ ತೂಕ ಬರುತ್ತದೆ.

ಜೋಳದಿಂದಲೇ ತೊಡಗಬಹುದು. ಮಳೆ ಹಿಂದುಳಿದು ಬಾಡಿದ ಎಳೆ ಜೋಳವನ್ನು, ಕೊಯ್ಲಾದ ಮೇಲೆ ಬುಡದಿಂದ ಒಡೆದ ಕೂಳೆಯನ್ನು ದನಗಳಿಗೆ ಮೇಯಲು ಬಿಡಬಾರದು ಎಂಬುದು ಇಲ್ಲಿನ ಒಕ್ಕಲುತನದವರಿಗೆ ಗೊತ್ತು. ಮೇಯ್ದ ದನ ಉಸಿರುಗಟ್ಟಿ ಕುಸಿಯುತ್ತದೆ. ಕಾರಣ, ಜೋಳದ ಎಳೆ ಎಲೆಯಲ್ಲಿರುವ ಧುರಿನ್ ಎಂಬ ವಸ್ತು. ಎಲೆ ಅಗಿದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಗಿಡ ಈ ವಿಷವನ್ನು ಹಂತ ಹಂತವಾಗಿ ಹೇಗೆ ಕಟ್ಟುತ್ತದೆ, ಯಾವ ಕಿಣ್ವ ಯಾವ ಹೆಜ್ಜೆ ಇಡುತ್ತದೆ ಎಂಬುದನ್ನು ದಶಕಗಳ ಕಾಲ ಬಿಡಿಸಿ ತೋರಿಸಿದ್ದು ಕೋಪನ್‌ಹೇಗನ್ನಿನಲ್ಲಿ, ಬಿರ್ಗರ್ ಲಿಂಡ್‌ಬರ್ಗ್ ಮೊಲರ್ ಅವರ ತಂಡ. 2001ರಲ್ಲಿ ಅವರು ಆ ಇಡೀ ಸರಣಿಯ ಜೀನುಗಳನ್ನು ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡಕ್ಕೆ ಸಾಗಿಸಿ, ಅದೂ ಧುರಿನ್ ತಯಾರಿಸುವಂತೆ ಮಾಡಿದರು. ಜೋಳ ಬೆಳೆಯದ ದೇಶದಲ್ಲಿ ಜೋಳದ ಮೇಲೆ ಇಷ್ಟು ಕೆಲಸ ನಡೆದಿದೆ. ಧಾರವಾಡದಲ್ಲೋ ವಿಜಯಪುರದ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರದಲ್ಲೋ ಎಂ 35-1 ಜೋಳದ ಜೊತೆ ಹಲವು ಹಿಂಗಾರು ಕಳೆದ ಅಭ್ಯರ್ಥಿಗೆ ಅಲ್ಲಿ ಇರದ ಒಂದು ಅನುಭವ ಇದೆ. ಬರದ ವರ್ಷದಲ್ಲಿ ಹೊಲದಲ್ಲಿ ನಿಂತ ಜೋಳ ಹೇಗೆ ವರ್ತಿಸುತ್ತದೆ ಎಂಬುದನ್ನು ಆತ ಕಣ್ಣಾರೆ ಕಂಡಿದ್ದಾನೆ. ಇದನ್ನು ಪತ್ರದ ಮೊದಲ ಪ್ಯಾರಾದಲ್ಲೇ ಹೇಳಬೇಕು. ಬಹಳ ಜನ ಅದನ್ನು ಬರೆಯುವುದೇ ಇಲ್ಲ.

ಮಣ್ಣಿನ ವಿಷಯವೂ ಹೀಗೆಯೇ. ರೈತರ ಮಣ್ಣು ಆರೋಗ್ಯ ಚೀಟಿಯಲ್ಲಿ ಮೊದಲು ಕಾಣುವ ಪಿಎಚ್ ಅಳತೆಯನ್ನು 1909ರಲ್ಲಿ ರೂಪಿಸಿದವರು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೊರೆನ್‌ಸೆನ್. ಸಾರಜನಕ ಅಳೆಯಲು ನಮ್ಮ ಕೃಷಿ ಕಾಲೇಜುಗಳ ವಿದ್ಯಾರ್ಥಿಗಳು ಇಂದಿಗೂ ಮಾಡುವ ಕೆಲ್ಡಾಲ್ ವಿಧಾನ ಅದೇ ಪ್ರಯೋಗಾಲಯದಲ್ಲಿ 1883ರಲ್ಲಿ ಬಂದದ್ದು. ಜಟ್‌ಲೆಂಡಿನ ಆಸ್ಕೋವ್ ಎಂಬ ಹಳ್ಳಿಯಲ್ಲಿ ಕೊಟ್ಟಿಗೆ ಗೊಬ್ಬರವನ್ನೂ ರಾಸಾಯನಿಕ ಗೊಬ್ಬರವನ್ನೂ ಹೋಲಿಸುವ ಪ್ರಯೋಗ 1894ರಲ್ಲಿ ಆರಂಭವಾಗಿ ಈಗಲೂ ನಡೆಯುತ್ತಿದೆ. ಅದರ ಹೊಣೆ ಈಗ ಆರ್ಹುಸ್ ವಿಶ್ವವಿದ್ಯಾಲಯದ್ದು. ಆಸ್ಕೋವ್‌ನ ಮಣ್ಣು ಮರಳು ಮಿಶ್ರಿತ. ನರಗುಂದದ ಎರೆ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿದು, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಇಂಗಾಲ ಮಣ್ಣಿನಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂದು ಕೇಳುವ ಸಂಶೋಧಕನಿಗೆ ಈ ಎರಡು ಮಣ್ಣುಗಳ ಹೋಲಿಕೆಯೇ ಒಂದು ಒಳ್ಳೆಯ ಪ್ರಶ್ನೆ.

ಅದೇ ಆಸ್ಕೋವ್‌ಗೆ ಇನ್ನೊಂದು ಹಿರಿಮೆಯಿದೆ. ಅಲ್ಲಿನ ಜನಪದ ಪ್ರೌಢಶಾಲೆಯ ಅಧ್ಯಾಪಕ ಪೌಲ್ ಲಾ ಕೂರ್ 1891ರಲ್ಲಿ ಗಾಳಿಯಿಂದ ವಿದ್ಯುತ್ ತೆಗೆಯುವ ಪ್ರಯೋಗ ಶುರುಮಾಡಿದರು. ರೈತರ ಮಕ್ಕಳಿಗಾಗಿ ತೆರೆದ ಶಾಲೆಯ ಮೇಷ್ಟರೊಬ್ಬರು ಮಾಡಿದ ಕೆಲಸ ಇದು. 1978ರಲ್ಲಿ ರಿಸೊದಲ್ಲಿ ಗಾಳಿಯಂತ್ರಗಳ ಪರೀಕ್ಷಾ ಕೇಂದ್ರ ಬಂತು. 1987ರಲ್ಲಿ ಅಲ್ಲಿಂದ ಹೊರಬಂದ ವಾಸ್ಪ್ ಎಂಬ ತಂತ್ರಾಂಶ, ಒಂದು ಜಾಗದಲ್ಲಿ ಎಷ್ಟು ಗಾಳಿ ಸಿಗುತ್ತದೆ ಎಂದು ಲೆಕ್ಕ ಹಾಕಲು ಜಗತ್ತಿನಾದ್ಯಂತ ಬಳಕೆಗೆ ಬಂತು. ಬಯಲು ನಾಡಿಗೆ ಅದರ ಲೆಕ್ಕ ಚೆನ್ನಾಗಿ ಹೊಂದುತ್ತದೆ, ಕಡಿದಾದ ಗುಡ್ಡದಂಚಿನಲ್ಲಿ ಅಷ್ಟು ಹೊಂದುವುದಿಲ್ಲ. ಗಜೇಂದ್ರಗಡದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳು ನಿಂತಿರುವುದು ಇಂಥ ಅಂಚಿನಲ್ಲೇ. ಅಲ್ಲಿನ ಮುಂಗಾರಿನ ಗಾಳಿ ಮತ್ತು ಬೇಸಿಗೆಯ ದೂಳು ರೆಕ್ಕೆಗಳ ಮೇಲೆ ಏನು ಮಾಡುತ್ತವೆ ಎಂಬುದರ ಮಾಹಿತಿ ಕಲೆಹಾಕಿದ ಯಂತ್ರಶಾಸ್ತ್ರ ಅಥವಾ ಭೌತಶಾಸ್ತ್ರದ ಪಿಎಚ್‌ಡಿ ಪದವೀಧರನಿಗೆ ಡಿಟಿಯುದ ಗಾಳಿ ಶಕ್ತಿ ವಿಭಾಗದ ಪ್ರಕಟಣೆಗಳು ದೂರದವಲ್ಲ.

ಮಾನವಿಕ ವಿಷಯಗಳಲ್ಲಿ ಹುದ್ದೆಗಳು ಕಡಿಮೆ, ಪೈಪೋಟಿ ಹೆಚ್ಚು. ಆದರೂ ದಾರಿ ಮುಚ್ಚಿಲ್ಲ. ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಜವಳಿ ಸಂಶೋಧನಾ ಕೇಂದ್ರ ಆರಂಭವಾಯಿತು. ಪುರಾತತ್ವ, ಇತಿಹಾಸ, ಕೈಮಗ್ಗದ ತಂತ್ರ ಮೂರನ್ನೂ ಒಟ್ಟಿಗೆ ನೋಡುವ ಅಪರೂಪದ ಕೇಂದ್ರ ಅದು. ಗಜೇಂದ್ರಗಡದ ಪಟ್ಟೇದಂಚು ಸೀರೆ, ಅದರ ಚೌಕಳಿ, ಅಗಲ ಅಂಚು, ಸವದತ್ತಿ ಎಲ್ಲಮ್ಮನ ಹರಕೆಯೊಂದಿಗೆ ಅದಕ್ಕಿರುವ ನಂಟು, ಇವೆಲ್ಲ ಅಂಥ ಕೇಂದ್ರಕ್ಕೆ ಒಗ್ಗುವ ವಿಷಯ. ಮಲಪ್ರಭಾ ಅಚ್ಚುಕಟ್ಟಿನ ನೀರಿನ ಕರ ಮತ್ತು ಅಭಿವೃದ್ಧಿ ಕರದ ವಿರುದ್ಧ ಎದ್ದು, 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಿಗೆ ಈಡಾದ ರೈತ ಬಂಡಾಯ ಕರ್ನಾಟಕದ ರಾಜಕಾರಣವನ್ನೇ ಬದಲಿಸಿತು. ನೀರಾವರಿ, ರಾಜ್ಯ, ರೈತ ಈ ಮೂರರ ಸಂಬಂಧವನ್ನು ಅಭ್ಯಸಿಸುವ ರಾಸ್ಕಿಲ್ಡೆಯ ಸಮಾಜವಿಜ್ಞಾನಿಗಳಿಗಾಗಲಿ, ಕೋಪನ್‌ಹೇಗನ್ನಿನಲ್ಲಿ ಏಷ್ಯಾ ಅಧ್ಯಯನದಲ್ಲಿ ತೊಡಗಿರುವವರಿಗಾಗಲಿ ಈ ವಿಷಯ ಹೊರಗಿನದಲ್ಲ.

ಎರಡು ಬಗೆಯ ಅವಕಾಶ

ಮೊದಲನೆಯದು ಪ್ರಕಟಿತ ಹುದ್ದೆ. ಡೆನ್ಮಾರ್ಕಿನಲ್ಲಿ ಸಂಶೋಧನೆಯ ಹಣದ ದೊಡ್ಡ ಪಾಲು ಪ್ರತಿಷ್ಠಾನಗಳಿಂದ ಬರುತ್ತದೆ. 1876ರ ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನ, ಔಷಧ ಉದ್ಯಮದ ಬೆಂಬಲದ ನೊವೊ ನಾರ್ಡಿಸ್ಕ್ ಮತ್ತು ಲುಂಡ್‌ಬೆಕ್ ಪ್ರತಿಷ್ಠಾನಗಳು, ವಿಲ್ಲುಮ್ ಪ್ರತಿಷ್ಠಾನ ಇವುಗಳಲ್ಲಿ ಮುಖ್ಯ. ಇವುಗಳ ಜೊತೆಗೆ ಸರ್ಕಾರದ ಸ್ವತಂತ್ರ ಸಂಶೋಧನಾ ನಿಧಿಯೂ ಯೂರೋಪಿಯನ್ ಒಕ್ಕೂಟವೂ ಇವೆ. ಹಣ ಒಬ್ಬ ಪ್ರಾಧ್ಯಾಪಕರ ನಿರ್ದಿಷ್ಟ ಯೋಜನೆಗೆ ಮಂಜೂರಾಗಿರುತ್ತದೆ. ಆ ಯೋಜನೆಯ ಒಂದು ತುಂಡನ್ನು ಮಾಡಿ ಮುಗಿಸಲು ಒಬ್ಬರು ಬೇಕು ಎಂದೇ ಹುದ್ದೆ ಪ್ರಕಟವಾಗುತ್ತದೆ. ಹೀಗಾಗಿ ಇಂಥ ಹುದ್ದೆಗೆ ನನಗೆ ಬೇರೆ ವಿಷಯದಲ್ಲಿ ಆಸಕ್ತಿ ಎಂದು ಬರೆದರೆ, ಪತ್ರ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಗೇ ನಿಲ್ಲುತ್ತದೆ. ಪ್ರಕಟಣೆಯಲ್ಲಿ ಕಡ್ಡಾಯ ಅರ್ಹತೆ ಯಾವುದು, ಇದ್ದರೆ ಒಳ್ಳೆಯದು ಎನ್ನುವ ಅರ್ಹತೆ ಯಾವುದು ಎಂದು ಬೇರ್ಪಡಿಸಿ ಓದಬೇಕು. ಕಡ್ಡಾಯವಾದುದರಲ್ಲಿ ಮುಖ್ಯವಾದೊಂದು ಇಲ್ಲದಿದ್ದರೆ ಆ ಸಮಯವನ್ನು ಇನ್ನೊಂದು ಅರ್ಜಿಗೆ ಕೊಡುವುದು ಮೇಲು. ಎರಡನೆಯ ಪಟ್ಟಿಯಲ್ಲಿ ಅರ್ಧ ಮಾತ್ರ ಇದ್ದರೂ ಧೈರ್ಯವಾಗಿ ಹಾಕಬಹುದು.

ಎರಡನೆಯದು ಸ್ವಂತ ಯೋಜನೆಯ ಫೆಲೋಶಿಪ್. ಇವುಗಳಲ್ಲಿ ದೊಡ್ಡದು ಯೂರೋಪಿಯನ್ ಒಕ್ಕೂಟದ ಮೇರಿ ಸ್ಕ್ಲೊಡೊವ್‌ಸ್ಕಾ ಕ್ಯೂರಿ ಪೋಸ್ಟ್‌ಡಾಕ್. ಅವಧಿ 12ರಿಂದ 24 ತಿಂಗಳು, ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಪಿಎಚ್‌ಡಿ ಆದ ಮೇಲೆ ಎಂಟು ವರ್ಷದ ಮಿತಿ ಇದೆ. ಹಿಂದಿನ 36 ತಿಂಗಳಲ್ಲಿ 12ಕ್ಕಿಂತ ಹೆಚ್ಚು ತಿಂಗಳು ಡೆನ್ಮಾರ್ಕಿನಲ್ಲಿ ಇದ್ದಿರಬಾರದು. ಗದಗ ಜಿಲ್ಲೆಯಲ್ಲೇ ಇದ್ದವರಿಗೆ ಈ ಎರಡನೆಯ ನಿಯಮ ತೊಡಕೇ ಅಲ್ಲ. ಅರ್ಜಿಯನ್ನು ಅಲ್ಲಿನ ಪ್ರಾಧ್ಯಾಪಕರೊಬ್ಬರ ಜೊತೆ ಸೇರಿ ಬರೆಯಬೇಕಾದ್ದರಿಂದ, ಅವರನ್ನು ಹುಡುಕುವ ಕೆಲಸ ಮಾರ್ಚ್ ಏಪ್ರಿಲ್ ಹೊತ್ತಿಗೇ ಶುರುವಾಗಬೇಕು. ಆರ್ಹುಸ್ ಮತ್ತು ಇತರ ವಿಶ್ವವಿದ್ಯಾಲಯಗಳು ಆಸಕ್ತರನ್ನು ವಸಂತದಲ್ಲೇ ಕರೆದು, ಆಯ್ದವರಿಗೆ ಬರವಣಿಗೆಯ ತರಬೇತಿ ಕೊಡುತ್ತವೆ. ನನ್ನ ಅಭಿಪ್ರಾಯದಲ್ಲಿ, ನೆಲದ ವಿಷಯವನ್ನೇ ಮುಂದುವರಿಸಬೇಕೆಂಬ ಹಟ ಇರುವವರಿಗೆ ಈ ದಾರಿಯೇ ಸರಿ.

ಕಡತ

ಪ್ರಕಟಿತ ಹುದ್ದೆಯ ಅರ್ಜಿ ಇಂಗ್ಲಿಷಿನಲ್ಲಿ, ವಿಶ್ವವಿದ್ಯಾಲಯದ ಪೋರ್ಟಲ್ ಮೂಲಕವೇ ಹೋಗಬೇಕು. ಇಮೇಲಿನಲ್ಲಿ ಬಂದ ಅರ್ಜಿಯನ್ನು ನೋಡುವುದಿಲ್ಲ. ಅಪೂರ್ಣ ಅರ್ಜಿಯನ್ನೂ ತಡವಾಗಿ ಬಂದದ್ದನ್ನೂ ಬದಿಗಿಡುತ್ತಾರೆ. ಕೊನೆಯ ಗಳಿಗೆ ಸಾಮಾನ್ಯವಾಗಿ ಅಲ್ಲಿನ ರಾತ್ರಿ 23.59. ನಮ್ಮ ಗಡಿಯಾರದಲ್ಲಿ ಅದು ಚಳಿಗಾಲದಲ್ಲಿ ಮರುದಿನ ಬೆಳಗಿನ ಜಾವ 4.29, ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ 3.29. ಆ ಹೊತ್ತಿಗೆ ಕರೆಂಟು ಹೋದರೆ ಮಾಡುವುದೇನೂ ಇರುವುದಿಲ್ಲ. ಎರಡು ದಿನ ಮೊದಲೇ ಕಳುಹಿಸಿ ರಸೀದಿಯ ಇಮೇಲ್ ಬಂದಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಪತ್ರ ಒಂದರಿಂದ ಎರಡು ಪುಟ ಸಾಕು. ಗೌರವಾನ್ವಿತ ಸರ್, ತಮ್ಮ ಪಾದಾರವಿಂದಗಳಲ್ಲಿ ಎಂಬ ಧಾಟಿ ಅಲ್ಲಿ ನಡೆಯದು. ಅಲ್ಲಿ ವಿದ್ಯಾರ್ಥಿಗಳೂ ಪ್ರಾಧ್ಯಾಪಕರನ್ನು ಹೆಸರು ಹಿಡಿದೇ ಕರೆಯುತ್ತಾರೆ. ಮೊದಲ ಪ್ಯಾರಾದಲ್ಲಿ ಯಾವ ಹುದ್ದೆ, ನನ್ನ ಯಾವ ಕೆಲಸ ಇದಕ್ಕೆ ಹೊಂದುತ್ತದೆ ಎಂಬುದು ಇರಬೇಕು. ಮುಂದಿನದರಲ್ಲಿ ಒಂದೇ ಒಂದು ಪ್ರಯೋಗವನ್ನೋ ಕ್ಷೇತ್ರಕಾರ್ಯವನ್ನೋ ಹಿಡಿದು, ತಾನೇ ಏನು ಮಾಡಿದೆ, ಏನು ಕೆಟ್ಟಿತು, ಹೇಗೆ ಸರಿಪಡಿಸಿದೆ ಎಂದು ಹೇಳಬೇಕು. ಕಡೆಗೆ ಮೊದಲ ಆರು ತಿಂಗಳಲ್ಲಿ ಆ ಯೋಜನೆಗೆ ಏನು ಮಾಡಬಲ್ಲೆ ಎಂಬುದು ಬರಬೇಕು. ಹೈಸ್ಕೂಲಿನಿಂದ ತೊಡಗಿ ಜೀವನಚರಿತ್ರೆ ಬರೆಯುವ ಅಗತ್ಯವಿಲ್ಲ.

ಸಿವಿಯಲ್ಲಿ ತಂದೆಯ ಹೆಸರು, ಧರ್ಮ, ಜಾತಿ, ವೈವಾಹಿಕ ಸ್ಥಿತಿ, ಕೊನೆಗೆ ಮೇಲಿನದೆಲ್ಲ ಸತ್ಯ ಎಂಬ ಘೋಷಣೆ ಇವು ಯಾವುವೂ ಬೇಡ. ಅದೇ ಜಾಗದಲ್ಲಿ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿದ ವರ್ಷಗಳನ್ನು, ಯಾವ ಪತ್ರಿಕೆ, ಎಷ್ಟು ವಿದ್ಯಾರ್ಥಿಗಳು ಎಂಬ ವಿವರದೊಂದಿಗೆ ಬರೆಯಬೇಕು. ಈ ಅನುಭವವನ್ನು ನಮ್ಮವರು ಹಿಂಜರಿದು ಮುಚ್ಚಿಡುತ್ತಾರೆ. ಅಲ್ಲಿ ಅದು ಬೋಧನೆಯ ಅನುಭವ, ಅದಕ್ಕೆ ಬೆಲೆಯಿದೆ. ಹೆರಿಗೆ ರಜೆ, ಮನೆಯವರ ಕಾಯಿಲೆ ಇತ್ಯಾದಿ ಕಾರಣಕ್ಕೆ ಸಂಶೋಧನೆ ನಿಂತಿದ್ದರೆ ಒಂದು ಸಾಲಿನಲ್ಲಿ ತಿಂಗಳುಗಳ ಸಮೇತ ತಿಳಿಸಬಹುದು.

ಉತ್ತರ ಕರ್ನಾಟಕದವರಿಗೆ ವಿಶೇಷವಾಗಿ ಕಾಡುವ ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಮೊದಲು, ತಂದೆಯ ಹೆಸರು ನಡುವೆ. ಪಿಎಚ್‌ಡಿ ಪ್ರಮಾಣಪತ್ರದಲ್ಲಿ ತನ್ನ ಹೆಸರು ಮೊದಲು. ಪ್ರಬಂಧಗಳಲ್ಲಿ ಬರೀ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆ. ನಾಲ್ಕೂ ಒಬ್ಬರವೇ ಎಂದು ಕೋಪನ್‌ಹೇಗನ್ನಿನ ಗುಮಾಸ್ತನಿಗೆ ಹೇಗೆ ತಿಳಿಯಬೇಕು? ಪಾಸ್‌ಪೋರ್ಟಿನ ಹೆಸರನ್ನೇ ಎಲ್ಲೆಡೆ ಬಳಸಿ, ಉಳಿದ ರೂಪಗಳನ್ನು ಸಿವಿಯ ಒಂದು ಸಾಲಿನಲ್ಲಿ ಕೊಟ್ಟು, ಎಲ್ಲ ಪ್ರಬಂಧಗಳನ್ನು ಒಂದೇ ಆರ್ಕಿಡ್ ಸಂಖ್ಯೆಯಡಿ ಸೇರಿಸಿದರೆ ಈ ಗೋಜು ತಪ್ಪುತ್ತದೆ. ಆರ್ಕಿಡ್ ಎಂದರೆ ಸಂಶೋಧಕರಿಗೆ ಉಚಿತವಾಗಿ ಸಿಗುವ ಗುರುತಿನ ಸಂಖ್ಯೆ. ಪಾಸ್‌ಪೋರ್ಟ್ ಇನ್ನೂ ಇಲ್ಲದವರು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದ ಕೆಲಸವನ್ನು ಅರ್ಜಿಗೂ ಮೊದಲೇ ಮುಗಿಸುವುದು ಲೇಸು.

ಅಂಕಗಳ ವಿಷಯದಲ್ಲೂ ವಿವರಣೆ ಬೇಕು. ಡೆನ್ಮಾರ್ಕಿನಲ್ಲಿ 2007ರಿಂದ ಏಳು ಹಂತದ ಮಾಪಕ ಇದೆ. ಮೇಲಿನದು 12, ಕೆಳಗಿನದು ಋಣ 3. ನಮ್ಮಲ್ಲಿ ಶೇಕಡಾ 68 ಎಂದರೆ ಪ್ರಥಮ ದರ್ಜೆ ಎಂಬುದು ಅವರಿಗೆ ತಾನಾಗಿ ಹೊಳೆಯುವುದಿಲ್ಲ. ವಿಶ್ವವಿದ್ಯಾಲಯದ ದರ್ಜೆ ಪದ್ಧತಿಯ ಪುಟವನ್ನು ಅಂಕಪಟ್ಟಿಯ ಜೊತೆ ಲಗತ್ತಿಸಬೇಕು, ರ‍್ಯಾಂಕ್ ಬಂದಿದ್ದರೆ ಬರೆಯಬೇಕು. ಘಟಿಕೋತ್ಸವ ಆಗಿರದಿದ್ದರೆ ಪ್ರೊವಿಜನಲ್ ಸರ್ಟಿಫಿಕೇಟ್ ಮತ್ತು ವೈವಾ ಮುಗಿದ ಬಗ್ಗೆ ಅಧಿಸೂಚನೆ ಇಡಬಹುದು. ಮಹಾಪ್ರಬಂಧ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ಇದ್ದರೆ ಅದರ ಕೊಂಡಿ ಕೊಡುವುದು ಉಪಯುಕ್ತ. ಕನ್ನಡದಲ್ಲಿ ಮಹಾಪ್ರಬಂಧ ಬರೆದವರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದವರಿರಲಿ ಧಾರವಾಡದ ಕನ್ನಡ ಅಧ್ಯಯನ ಪೀಠದವರಿರಲಿ, ಹತ್ತು ಪುಟದ ಇಂಗ್ಲಿಷ್ ಸಾರಾಂಶವನ್ನೂ ಒಂದು ಅಧ್ಯಾಯದ ಅನುವಾದವನ್ನೂ ಸಿದ್ಧವಾಗಿ ಇಟ್ಟುಕೊಳ್ಳಬೇಕು.

ಪ್ರಬಂಧಗಳ ಪಟ್ಟಿಯಲ್ಲಿ ಸಂಖ್ಯೆ ಮುಖ್ಯವಲ್ಲ. ಹಣ ಕಟ್ಟಿದರೆ ವಾರದೊಳಗೆ ಅಚ್ಚು ಮಾಡುವ ನಿಯತಕಾಲಿಕಗಳಿಗೆ ನಮ್ಮ ಎಷ್ಟೋ ಪ್ರಾಮಾಣಿಕ ವಿದ್ಯಾರ್ಥಿಗಳು ಬಲಿಯಾಗಿದ್ದಾರೆ. ಪಿಎಚ್‌ಡಿ ಸಲ್ಲಿಸಲು ಪ್ರಕಟಣೆ ಕಡ್ಡಾಯ ಎಂಬ ಒತ್ತಡ ಅವರನ್ನು ಅತ್ತ ತಳ್ಳಿತು. ಅಂಥ ಹತ್ತು ಪ್ರಬಂಧಗಳಿಗಿಂತ ಸರಿಯಾದ ವಿಮರ್ಶೆಗೆ ಒಳಗಾದ ಎರಡು ಪ್ರಬಂಧಗಳು ಸಮಿತಿಯ ಮುಂದೆ ಭಾರವಾಗಿ ತೂಗುತ್ತವೆ. ಬಹುಲೇಖಕರ ಪ್ರಬಂಧವಾದರೆ ಅದರಲ್ಲಿ ತನ್ನ ಪಾಲು ಯಾವುದು ಎಂದು ಒಂದು ಸಾಲು ಬರೆಯಬೇಕು. ಶಿಫಾರಸು ಪತ್ರವನ್ನು ಎಲ್ಲ ಹುದ್ದೆಗಳಿಗೂ ಕೇಳುವುದಿಲ್ಲ, ಅನೇಕ ಕಡೆ ಇಬ್ಬರು ಮೂವರ ಹೆಸರು ಮತ್ತು ಇಮೇಲ್ ಸಾಕು. ಗೈಡ್ ಅವರಿಗೆ ಮೊದಲೇ ತಿಳಿಸಿ, ವಿಶ್ವವಿದ್ಯಾಲಯದ ಅಧಿಕೃತ ಇಮೇಲ್ ವಿಳಾಸವನ್ನೇ ಕೊಡಬೇಕು.

ಪ್ರಕಟಣೆಯ ಕೊನೆಯಲ್ಲಿ ಸಂಪರ್ಕಕ್ಕೆಂದು ಒಬ್ಬರ ಹೆಸರು ಇರುತ್ತದೆ. ಅವರಿಗೆ ಬರೆಯುವುದು ಅಲ್ಲಿ ವಶೀಲಿ ಎನಿಸುವುದಿಲ್ಲ. ಆದರೆ ಯೋಜನೆಯ ಬಗ್ಗೆ ನಿಜವಾದ ಪ್ರಶ್ನೆ ಇದ್ದರೆ ಮಾತ್ರ ಬರೆಯಬೇಕು. ನೂರು ಪ್ರಾಧ್ಯಾಪಕರಿಗೆ ಒಂದೇ ಪತ್ರವನ್ನು ಕಳುಹಿಸಿದರೆ ಅದು ಓದಿದ ಕೂಡಲೇ ಗೊತ್ತಾಗುತ್ತದೆ.

ಮೌಲ್ಯಮಾಪನ ಮತ್ತು ಸಂದರ್ಶನ

ಅವಧಿ ಮುಗಿದ ಮೇಲೆ ಮೊದಲು ಒಂದು ಜರಡಿ ಹಿಡಿಯುತ್ತಾರೆ. ಮುಂದಿನ ಹಂತಕ್ಕೆ ಆಯ್ಕೆಯಾದವರ ಕಡತವನ್ನು ಮೌಲ್ಯಮಾಪನ ಸಮಿತಿ ಓದಿ, ಈ ವ್ಯಕ್ತಿ ಹುದ್ದೆಗೆ ಅರ್ಹನೇ ಅಲ್ಲವೇ ಎಂದು ಕಾರಣ ಸಹಿತ ಬರೆಯುತ್ತದೆ. ಸಮಿತಿ ಸಾಮಾನ್ಯವಾಗಿ ಒಂದು, ಎರಡು, ಮೂರು ಎಂದು ಕ್ರಮ ಹಚ್ಚುವುದಿಲ್ಲ, ಆಯ್ಕೆ ವಿಭಾಗದ ಮುಖ್ಯಸ್ಥರದು. ತನ್ನ ಬಗ್ಗೆ ಬರೆದ ಭಾಗವನ್ನು ಅಭ್ಯರ್ಥಿಗೆ ಕಳುಹಿಸುತ್ತಾರೆ, ಅದಕ್ಕೆ ಪ್ರತಿಕ್ರಿಯೆ ನೀಡಲೂ ಅವಕಾಶವಿದೆ. ಏಕೆ ಆಯ್ಕೆಯಾಗಲಿಲ್ಲ ಎಂಬುದು ನಮ್ಮಲ್ಲಿ ಎಂದೂ ತಿಳಿಯದ ಗುಟ್ಟು. ಅಲ್ಲಿ, ಸಮಿತಿಯವರೆಗೆ ತಲುಪಿದವರಿಗೆ ಅದು ಲಿಖಿತವಾಗಿ ಕೈಗೆ ಬರುತ್ತದೆ. ಹುದ್ದೆ ಸಿಗದಿದ್ದರೂ ಆ ಒಂದು ಪುಟ ಮುಂದಿನ ಅರ್ಜಿಗೆ ದೊಡ್ಡ ಆಸರೆ. ಅದನ್ನು ಸಿಟ್ಟಿನಲ್ಲಿ ಅಳಿಸಿಹಾಕದೆ, ಗೈಡ್ ಜೊತೆ ಕೂತು ಓದಬೇಕು.

ಸಂದರ್ಶನ ಸಾಮಾನ್ಯವಾಗಿ ವಿಡಿಯೊ ಕರೆಯಲ್ಲಿ ನಡೆಯುತ್ತದೆ. ಹತ್ತು ಹದಿನೈದು ನಿಮಿಷ ತನ್ನ ಸಂಶೋಧನೆಯನ್ನು ವಿವರಿಸಬೇಕು, ಆಮೇಲೆ ಪ್ರಶ್ನೆಗಳು. ತಂಡದ ಕಿರಿಯ ಸದಸ್ಯರೂ ಕೂತಿರುತ್ತಾರೆ, ಅವರ ಪ್ರಶ್ನೆಗೂ ಅಷ್ಟೇ ಗಮನ ಕೊಟ್ಟು ಉತ್ತರಿಸಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ತಿಳಿಯಲು ಏನು ಮಾಡುತ್ತೇನೆ ಎಂದು ಸೇರಿಸಿದರೆ ಅದನ್ನು ಮೆಚ್ಚುತ್ತಾರೆ. ಪ್ರಾಧ್ಯಾಪಕರ ಮಾತಿಗೆ ವಿನಯದಿಂದ ಭಿನ್ನಾಭಿಪ್ರಾಯ ಸೂಚಿಸುವುದು ಅಲ್ಲಿ ಉದ್ಧಟತನವಲ್ಲ. ಗುರುಗಳೆದುರು ತಲೆತಗ್ಗಿಸಿ ಬೆಳೆದವರಿಗೆ ಇದು ಕಷ್ಟವಾಗಬಹುದು. ಧಾರವಾಡದ ಗೆಳೆಯರ ಮುಂದೆ ಇಂಗ್ಲಿಷಿನಲ್ಲಿ ಒಂದೆರಡು ಸಲ ಅಭ್ಯಾಸ ಮಾಡಿದರೆ ನಾಲಿಗೆ ಸಡಿಲವಾಗುತ್ತದೆ. ಮನೆಯ ನೆಟ್‌ವರ್ಕ್ ನಂಬಲಾರದ ಹಳ್ಳಿಯವರು ಆ ದಿನ ತಾಲೂಕು ಕೇಂದ್ರದಲ್ಲೋ ಹುಬ್ಬಳ್ಳಿಯಲ್ಲೋ ಸ್ನೇಹಿತರ ಮನೆಯಲ್ಲಿ ಕೂರುವುದು ಕ್ಷೇಮ.

ಸಂಬಳ, ಪರವಾನಗಿ, ಮನೆ

ಸಂಬಳವನ್ನು ಪದವೀಧರ ನೌಕರರ ಸಂಘಟನೆಗಳಿಗೂ ಸರ್ಕಾರಕ್ಕೂ ಆದ ಸಾಮೂಹಿಕ ಒಪ್ಪಂದ ನಿರ್ಧರಿಸುತ್ತದೆ, ಅನುಭವದ ವರ್ಷಗಳಿಗೆ ತಕ್ಕಂತೆ ಏರುತ್ತದೆ. 2020ರ ದಶಕದ ಮಧ್ಯದಲ್ಲಿ ಅದು ತಿಂಗಳಿಗೆ 35,000 ಕ್ರೋನರಿನ ಮೇಲೇ ಇದೆ. ಪಿಂಚಣಿ ಇದರ ಹೊರಗೆ. ಕೆಲಸ ವಾರಕ್ಕೆ 37 ಗಂಟೆ. ತೆರಿಗೆ ಹೆಚ್ಚು, ಆದರೆ ಹೊರಗಿನಿಂದ ಬರುವ ಸಂಶೋಧಕರಿಗೆ ಗರಿಷ್ಠ 7 ವರ್ಷ ಒಂದು ವಿಶೇಷ ಸೌಲಭ್ಯವಿದೆ. ಮೊದಲು ಶೇಕಡಾ 8ರ ಕಾರ್ಮಿಕ ವಂತಿಗೆ, ಉಳಿದುದರ ಮೇಲೆ ಶೇಕಡಾ 27, ಒಟ್ಟು ಶೇಕಡಾ 32.84. ಈ ದರ ತಾನಾಗಿ ಸಿಗುವುದಿಲ್ಲ, ಸೇರುವಾಗಲೇ ಆಡಳಿತ ವಿಭಾಗವನ್ನು ಕೇಳಿ ಪಡೆಯಬೇಕು.

ನೇಮಕ ಪತ್ರ ಬಂದ ಮೇಲೆ ಸಂಶೋಧಕರ ವರ್ಗದಲ್ಲಿ ವಾಸ ಮತ್ತು ಕೆಲಸದ ಪರವಾನಗಿಗೆ ಸಿರಿ ಎಂಬ ಡ್ಯಾನಿಷ್ ಸಂಸ್ಥೆಗೆ ಆನ್‌ಲೈನ್ ಅರ್ಜಿ ಹಾಕಬೇಕು. ಅರ್ಜಿ ಸಲ್ಲಿಸಿದ 14 ದಿನಗಳೊಳಗೆ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಿ ಬೆರಳಚ್ಚು, ಭಾವಚಿತ್ರ ಕೊಡಬೇಕು. ಗಂಡ ಅಥವಾ ಹೆಂಡತಿ ಮತ್ತು ಮಕ್ಕಳು ಜೊತೆಗೆ ಹೋಗಬಹುದು, ಸಂಗಾತಿಗೆ ದುಡಿಯುವ ಹಕ್ಕೂ ಇದೆ. ಅಲ್ಲಿ ತಲುಪಿದ ಕೂಡಲೇ ಪಡೆಯಬೇಕಾದದ್ದು ಸಿಪಿಆರ್ ಎಂಬ ವೈಯಕ್ತಿಕ ಗುರುತಿನ ಸಂಖ್ಯೆ. ಬ್ಯಾಂಕ್ ಖಾತೆ, ವೈದ್ಯರು, ಮಕ್ಕಳ ಶಾಲೆ ಎಲ್ಲಕ್ಕೂ ಅದೇ ಮೂಲ.

ಮನೆಯವರು ಮೊದಲೇ ತಿಳಿದಿರಬೇಕಾದದ್ದು ಆರಂಭದ ಖರ್ಚು. ಸಂಬಳ ತಿಂಗಳ ಕೊನೆಗೆ ಬರುತ್ತದೆ. ಬಾಡಿಗೆ ಮನೆಗೆ ಮೂರು ತಿಂಗಳವರೆಗಿನ ಠೇವಣಿಯನ್ನೂ ಮೂರು ತಿಂಗಳವರೆಗಿನ ಮುಂಗಡ ಬಾಡಿಗೆಯನ್ನೂ ಕೇಳಲು ಅಲ್ಲಿನ ಕಾನೂನು ಮಾಲೀಕರಿಗೆ ಅವಕಾಶ ಕೊಡುತ್ತದೆ. ವಿಮಾನದ ಟಿಕೆಟ್, ಪರವಾನಗಿ ಶುಲ್ಕ ಬೇರೆ. ಹೊಲ ಒತ್ತೆಯಿಟ್ಟು ಹೋಗುವ ಪರಿಸ್ಥಿತಿ ಬಾರದಂತೆ, ಯಾವ ಖರ್ಚನ್ನು ವಿಶ್ವವಿದ್ಯಾಲಯ ಭರಿಸುತ್ತದೆ, ಅದರ ವಸತಿ ಕಚೇರಿಯಿಂದ ಕೊಠಡಿ ಸಿಗುತ್ತದೆಯೇ ಎಂಬುದನ್ನು ಒಪ್ಪಿಗೆಯ ಸಹಿ ಹಾಕುವ ಮುನ್ನವೇ ಕೇಳಬೇಕು. ಅದನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಮರಳುವಿಕೆ

ಕರಾರು ಎರಡು ಮೂರು ವರ್ಷದ್ದು. ಮುಂದೇನು ಎಂಬ ಪ್ರಶ್ನೆ ಹೊರಡುವ ದಿನವೇ ಇರುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಲ್ಲಿ ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅಭ್ಯರ್ಥಿಗಳನ್ನು ಸೋಸುವಾಗ, ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವದ ವರ್ಷಕ್ಕೆ 2ರಂತೆ ಗರಿಷ್ಠ 10 ಅಂಕ ಸಿಗುತ್ತದೆ. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳ ನೇಮಕಾತಿ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ನಡೆಯುವುದರಿಂದ ಅಲ್ಲಿ ಈ ಅನುಭವದ ನೆರವು ಕಡಿಮೆ. ಹೊರದೇಶದಿಂದ ಮರಳುವವರಿಗೆಂದೇ ಜೈವಿಕ ತಂತ್ರಜ್ಞಾನ ಇಲಾಖೆಯ ರಾಮಲಿಂಗಸ್ವಾಮಿ ಫೆಲೋಶಿಪ್, ರಾಮಾನುಜನ್ ಫೆಲೋಶಿಪ್ ಇವೆ. ಇವುಗಳೊಂದಿಗೆ ಬರುವವರು ತಮ್ಮ ಸಂಬಳವನ್ನೂ ಸಂಶೋಧನೆಯ ಹಣವನ್ನೂ ಜೊತೆಗೇ ತರುತ್ತಾರೆ, ಹಾಗಾಗಿ ಖಾಲಿ ಹುದ್ದೆ ಇಲ್ಲದ ವಿಭಾಗವೂ ಅವರಿಗೆ ಜಾಗ ಕೊಡಬಲ್ಲದು. ಇವಕ್ಕೆ ಇಲ್ಲಿನ ಸಂಸ್ಥೆಯೊಂದರ ಒಪ್ಪಿಗೆ ಪತ್ರ ಬೇಕು, ವಯಸ್ಸಿನ ಮಿತಿ ಇದೆ, ಆಯ್ಕೆಗೆ ತಿಂಗಳುಗಳು ಹಿಡಿಯುತ್ತವೆ. ಡೆನ್ಮಾರ್ಕಿನ ಕರಾರು ಮುಗಿಯಲು ಒಂದು ವರ್ಷಕ್ಕೂ ಮೇಲೆ ಕಾಲ ಇರುವಾಗಲೇ ಧಾರವಾಡದ, ಗದಗಿನ ವಿಭಾಗಗಳೊಂದಿಗೆ ಪತ್ರವ್ಯವಹಾರ ಶುರುಮಾಡಿದವರಿಗೆ ಮಾತ್ರ ಈ ಲೆಕ್ಕ ಹೊಂದುತ್ತದೆ.